ಹಾಲಿನ ಪಾತ್ರೆಯಲ್ಲಿ ಕಾರ್ಬ್ಯುರೇಟರು

ಅತ್ತೆಗೆ ಅವರ ಅಕ್ಕನಿಂದ ಬಂದ ಆಸ್ತಿಯೆಂದರೆ ಒಂದು ಸ್ಕೂಟರು. ಅದೂ ಓಡುವ ಸ್ಕೂಟರಲ್ಲ. ಬಾಡಿಗೆ ಗಾಡಿಯಲ್ಲಿ ಕಾಯಿಲೆಯವರ ಹಾಗೆ ಅಡ್ಡ ಮಲಗಿಕೊಂಡು ಬಂದು, ಇಬ್ಬರು ಕೂಲಿಗಳ ಕೈಮೇಲೆ ಇಳಿದು, ಮನೆಯ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಗೋಡೆಗೆ ಒರಗಿ ನಿಂತಿತು. ಒಂದು ಕಾಲಕ್ಕೆ ಬಣ್ಣ ತಿಳಿಹಸಿರು ಇದ್ದಿರಬೇಕು. ಈಗ ತುಕ್ಕು ಯಾವುದು, ಬಣ್ಣ ಯಾವುದು ಎಂದು ಹೇಳುವುದಕ್ಕೆ ಕನ್ನಡಕ ಬೇಕಿತ್ತು. ಕನ್ನಡಕಕ್ಕೇನೂ ಆ ಮನೆಯಲ್ಲಿ ಬರವಿರಲಿಲ್ಲ. ಅತ್ತೆಯ ಮಗ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದಲ್ಲಿದ್ದ. ಅವನು ತನ್ನದನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಸ್ಕೂಟರನ್ನು ಮುಂದಿನಿಂದ ನೋಡಿದ, ಹಿಂದಿನಿಂದ ನೋಡಿದ, ಬಗ್ಗಿ ಹೊಟ್ಟೆಯನ್ನೂ ನೋಡಿದ.

"ಗುಜರಿಗೆ ಹಾಕಿದ್ರೆ ಗಾಡಿ ಬಾಡಿಗೆ ಹುಟ್ಟಬಹುದು," ಎಂದ.

"ನಿನ್ನನ್ನ ಯಾರು ಕೇಳಿದ್ರು?" ಎಂದರು ಅತ್ತೆ.

"ಇಟ್ಕೊಂಡು ಏನ್ಮಾಡ್ತೀಯಮ್ಮ?"

"ರಿಪೇರಿ."

"ಯಾರ ಹತ್ರ ಮಾಡಿಸ್ತೀಯ?"

"ಮಾಡಿಸೋದಲ್ಲ ಕಣೋ, ಮಾಡೋದು. ನಾನೇ."

ಮಗ ನಕ್ಕ. ಮನೆಯವರೆಲ್ಲ ಮರಿ ಎಂದು ಕರೆಯುತ್ತಿದ್ದ ಮೊಮ್ಮಗಳು ಕಿಟಕಿಯಿಂದ ಇಣುಕಿ ನಕ್ಕಳು. ಸೊಸೆ ಮಾತ್ರ ನಗಲಿಲ್ಲ. ಅವಳ ಕಣ್ಣು ಸ್ಕೂಟರಿನ ಮೇಲಿರಲಿಲ್ಲ, ಅದು ನುಂಗಿಹಾಕಿದ ಜಾಗದ ಮೇಲಿತ್ತು. ಬಟ್ಟೆ ಒಣಹಾಕುವ ತಂತಿಯ ಕೆಳಗೇ ಅದು ಠಿಕಾಣಿ ಹೂಡಿತ್ತು. ದಿನವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತು ಊರವರ ಹಾಸಿಗೆ ಬಟ್ಟೆ ಒಗೆಸಿ, ಒಣಗಿಸಿ, ಮಡಿಸಿ ಬರುವವಳಿಗೆ ಮನೆಯಲ್ಲಿ ತನ್ನ ನಾಲ್ಕು ಬಟ್ಟೆ ಒಣಗಿಸಲು ಜಾಗವಿಲ್ಲವೆಂದರೆ ಹೇಗಾಗಬೇಡ?

ಅತ್ತೆಯ ಅಕ್ಕ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ಮದುವೆ ಗಿದುವೆಯ ಗೊಡವೆಗೆ ಹೋಗದೆ, ಊರೆಲ್ಲ ಈ ಸ್ಕೂಟರಿನ ಮೇಲೆ ಓಡಾಡಿ, ಎಷ್ಟೋ ಮನೆಗಳ ಮಕ್ಕಳನ್ನು ಹೆತ್ತ ತಾಯಿಗಿಂತ ಮೊದಲು ಎತ್ತಿಕೊಂಡವರು. ಕೆಲಸದಿಂದ ನಿವೃತ್ತರಾದ ಮೇಲೆ ಸ್ಕೂಟರು ಬಾಡಿಗೆ ಮನೆಯ ಮೆಟ್ಟಿಲ ಕೆಳಗೆ ಸೇರಿತ್ತು. ಅವರು ತೀರಿಕೊಂಡು ಮನೆ ಖಾಲಿ ಮಾಡಬೇಕಾಗಿ ಬಂದಾಗ ಪಾತ್ರೆ ಪಡಗ, ಕುರ್ಚಿ ಮಂಚ ಅವರಿವರ ಪಾಲಾದವು. ಸ್ಕೂಟರನ್ನು ಯಾರೂ ಮುಟ್ಟಲಿಲ್ಲ. ತಂಗಿ ಮುಟ್ಟಿದರು.

ಅರವತ್ತು ದಾಟಿದ ಅತ್ತೆಗೆ ಸೈಕಲ್ಲು ಕೂಡ ಬರುತ್ತಿರಲಿಲ್ಲ. ಹೊಲಿಗೆ ಯಂತ್ರವನ್ನು ಬಿಚ್ಚಿ ಎಣ್ಣೆ ಬಿಟ್ಟು ಮತ್ತೆ ಕೂಡಿಸುತ್ತಿದ್ದರು, ಕೆಟ್ಟುಹೋದ ಮಿಕ್ಸಿಯ ಹೊಟ್ಟೆ ತೆರೆದು ನೋಡುತ್ತಿದ್ದರು. ಅಷ್ಟೇ ಬಂಡವಾಳ. ಆ ಬಂಡವಾಳ ಹಿಡಿದುಕೊಂಡು, ತೀರಿಹೋದ ಗಂಡನ ಉದ್ದ ತೋಳಿನ ಅಂಗಿಯೊಂದನ್ನು ಮೇಲೆ ತೊಟ್ಟು ಕೂತೇಬಿಟ್ಟರು. ಹಿತ್ತಲಲ್ಲಿ ಹಳೆಯ ಹೊದಿಕೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಸರದಿಯಲ್ಲೇ ಸಾಲಾಗಿ ಇಟ್ಟರು. ಮೊದಲು ಕಳಚಿದ್ದು ಎಡಗಡೆ, ಕೊನೆಗೆ ಕಳಚಿದ್ದು ಬಲಗಡೆ. "ಇದರ ಮೇಲೆ ಕಾಲಿಟ್ಟೋರ ಕಾಲು ಮುರೀತೀನಿ," ಎಂದು ಮನೆಮಂದಿಗೆಲ್ಲ ಸಾರಿದರು. ಬೆಕ್ಕಿಗೂ ಬೇರೆಯಾಗಿ ಹೇಳಿದರು.

ಒಂದು ಸಂಜೆ ಸೊಸೆ ಕೆಲಸದಿಂದ ಬಂದವಳು ಒಂದು ಗುಟುಕು ಚಹಾ ಕುಡಿಯೋಣವೆಂದು ಅಡುಗೆಮನೆಗೆ ಹೋದಳು. ಹಾಲಿನ ಪಾತ್ರೆಯ ಮುಚ್ಚಳ ತೆಗೆದರೆ ಘಮ್ಮೆಂದು ಸೀಮೆಎಣ್ಣೆ ಮೂಗಿಗೆ ಹೊಡೆಯಿತು. ತಳದಲ್ಲಿ ಏನೋ ಕಪ್ಪಗೆ ಮುಳುಗಿ ಕೂತಿತ್ತು.

"ಅತ್ತೆ! ಹಾಲಿನ ಪಾತ್ರೇಲಿ ಏನಿದು?"

"ಕಾರ್ಬ್ಯುರೇಟರು," ಎಂದು ಹಿತ್ತಲಿನಿಂದ ಉತ್ತರ ಬಂತು.

"ಮತ್ತೆ ಹಾಲು?"

"ಲೋಟದಲ್ಲಿದೆ. ಮುಚ್ಚಿಟ್ಟಿದ್ದೀನಿ ನೋಡು."

"ಅಲ್ಲ ಅತ್ತೆ, ಹಾಲಿಗೆ ಲೋಟ, ಈ ಕೊಳೆಗೆ ಹಾಲಿನ ಪಾತ್ರೆನಾ?"

"ಲೋಟದಲ್ಲಿ ಅದು ಹಿಡಿಸಲ್ಲ ಕಣಮ್ಮ," ಎಂದರು ಅತ್ತೆ, ನ್ಯಾಯವಾಗಿಯೇ.

ಜಗಳ ಪಾತ್ರೆಗೆ ನಿಲ್ಲಲಿಲ್ಲ. ಆ ಮನೆಯಲ್ಲಿ ಬೆಳಗಿನ ತಿಂಡಿಯಿಂದ ಹಿಡಿದು ರಾತ್ರಿಯ ಊಟದವರೆಗೆ ಎಲ್ಲವೂ ಹೇಗೋ ತಾನಾಗಿಯೇ ಆಗುತ್ತಿತ್ತು. ತಾನಾಗಿಯೇ ಆಗುತ್ತಿರಲಿಲ್ಲ, ಅತ್ತೆಯಿಂದ ಆಗುತ್ತಿತ್ತು ಎಂಬುದು ಅವರ ಕೈಗೆ ಗ್ರೀಸು ಹತ್ತಿದ ಮೇಲೆ ಎಲ್ಲರಿಗೂ ತಿಳಿಯಿತು. ಒಂದು ದಿನ ಅನ್ನವಿದ್ದರೆ ಬೇಳೆ ಬೆಂದಿರುತ್ತಿರಲಿಲ್ಲ. ಇನ್ನೊಂದು ದಿನ ತರಕಾರಿ ಹೆಚ್ಚಿದ್ದು ಹೆಚ್ಚಿದ ಹಾಗೇ ಮಣೆಯ ಮೇಲೆ ಬಾಡಿರುತ್ತಿತ್ತು. ಬ್ರೆಡ್ಡು ಮೊಟ್ಟೆ, ಮೊಟ್ಟೆ ಬ್ರೆಡ್ಡು ಎಂದು ವಾರ ಉರುಳಿತು.

"ಇವತ್ತೂ ಮೊಟ್ಟೇನಾ?" ಎಂದು ಗಂಡ ತಟ್ಟೆಯ ಮುಂದೆ ಕೂತು ಹೆಂಡತಿಯ ಮುಖ ನೋಡಿದ.

"ನನ್ನ ಮುಖ ಯಾಕೆ ನೋಡ್ತೀರಿ?"

"ಮತ್ತಾರ ಮುಖ ನೋಡ್ಲಿ?"

"ಒಲೆ ಮುಖ ನೋಡಿ. ನಿಮಗೂ ಅದಕ್ಕೂ ಪರಿಚಯವೇ ಇಲ್ಲ. ನಾನು ಆವಿಯಲ್ಲಿ ಬೆಂದು ಬಂದಿದ್ದೀನಿ. ಇಲ್ಲಿ ಬಂದು ಮತ್ತೆ ಬೇಯೋಕೆ ನನ್ನ ಕೈಲಾಗಲ್ಲ."

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ ಹಾಗಾಯ್ತು. ಅಡುಗೆ ಬಿಟ್ಟಿದ್ದು ಅಮ್ಮ, ಬೈಸಿಕೊಳ್ಳೋದು ನಾನು."

"ಯಾವ ಎಮ್ಮೆನೋ?" ಎಂದು ಹಿತ್ತಲಿನಿಂದ ಅತ್ತೆಯ ದನಿ ಬಂತು. ಮರಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಅಜ್ಜಿಗೆ ಅರಿವೆ ಚಿಂತೆ ಅಂತಾರೆ. ನಮ್ಮಜ್ಜಿಗೆ ಆಯಿಲ್ ಚಿಂತೆ," ಎಂದಳು.

ಮಾರನೆಯ ದಿನ ಅವನೇ ಅನ್ನಕ್ಕಿಟ್ಟ. ಗಾಜನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಉಜ್ಜುವವನು ನೀರಿನ ಅಳತೆಯಲ್ಲಿ ಎಡವಿದ. ಮೇಲೆ ಗಂಜಿ, ನಡುವೆ ಅನ್ನ, ಕೆಳಗೆ ಇದ್ದಿಲು. ಎಲ್ಲರೂ ನಡುವಿನದನ್ನು ತಿಂದರು.

ಸೊಸೆಗೆ ಹಾಲಿನ ಪಾತ್ರೆಯ ಸಿಟ್ಟು ಮಾತ್ರ ಆರಿರಲಿಲ್ಲ. ಒಂದು ಬೆಳಿಗ್ಗೆ ಅದರೊಳಗಿನ ಕಪ್ಪು ದ್ರವವನ್ನು ಹಿತ್ತಲಿನ ಚರಂಡಿಗೆ ಸುರಿದು, ಬೂದಿ ಹಾಕಿ ತಿಕ್ಕಿ, ಬಿಸಿನೀರು ಹೊಯ್ದು ಫಳಫಳ ಮಾಡಿ ಮಗುಚಿಟ್ಟಳು. ಕಾರ್ಬ್ಯುರೇಟರನ್ನು ಜೋಪಾನವಾಗಿ ತೆಗೆದು ಹೊದಿಕೆಯ ಮೇಲೆ ಇಟ್ಟಿದ್ದಳು. ಅಷ್ಟು ನ್ಯಾಯ ಅವಳಲ್ಲಿತ್ತು. ಅತ್ತೆ ಬಂದು ನೋಡಿದರು, ಪಾತ್ರೆ ನೋಡಿದರು, ಚರಂಡಿ ನೋಡಿದರು.

"ಇದರ ಜೊತೆ ಒಂದು ಸಣ್ಣ ಹಿತ್ತಾಳೆ ಚೂರು ಇತ್ತಲ್ಲ?"

"ಚೂರಾ?"

"ಜೆಟ್ಟು ಅಂತಾರೆ ಅದಕ್ಕೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ನಡುವೆ ತೂತು. ಅದರಲ್ಲೇ ಪೆಟ್ರೋಲು ಹೋಗೋದು."

ಸೊಸೆ ಚರಂಡಿಯ ಕಡೆ ತಿರುಗಿದಳು. "ನಾನು ನೋಡ್ಲಿಲ್ಲ ಅತ್ತೆ. ಕಾಣಿಸ್ಲೇ ಇಲ್ಲ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವರು ಮೊಣಕಾಲೂರಿ ಚರಂಡಿಯ ಪಕ್ಕ ಕೂತು ಕೆಸರಿಗೆ ಕೈ ಹಾಕಿದರು. ಸೊಸೆ ಗಡಿಯಾರ ನೋಡಿದಳು, ಲಾಂಡ್ರಿಗೆ ಫೋನು ಮಾಡಿ ಬರುವುದು ತಡವಾಗುತ್ತದೆ ಎಂದು ತಿಳಿಸಿ, ಉಟ್ಟ ಬಟ್ಟೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಂಡು ಎದುರಿಗೆ ಕೂತಳು. ಒಬ್ಬರು ಕೆಸರು ಎತ್ತಿ ಕೊಡುವುದು, ಇನ್ನೊಬ್ಬರು ಚಹಾ ಸೋಸುವ ಜಾಲರಿಯಲ್ಲಿ ಜಾಲಿಸುವುದು. ಒಂದು ಗುಂಡಿ ಸಿಕ್ಕಿತು, ಮರಿ ಚಿಕ್ಕವಳಿದ್ದಾಗ ಕಳೆದುಕೊಂಡ ಕಿವಿಯೋಲೆಯ ತಿರುಪು ಸಿಕ್ಕಿತು, ಒಂದು ಚಮಚ ಸಿಕ್ಕಿತು.

"ಈ ಚಮಚಕ್ಕೆ ನೀನು ಆ ಕೆಲಸದವಳನ್ನ ಬಿಡಿಸಿದ್ದು," ಎಂದರು ಅತ್ತೆ.

"ಬಿಡಿಸಿದ್ದು ನೀವು ಅತ್ತೆ!"

"ನಾನಾ?" ಅತ್ತೆ ಯೋಚಿಸಿದರು. "ಪಾಪ."

ಕೊನೆಗೆ ಹಿತ್ತಾಳೆ ಚೂರು ಜಾಲರಿಯ ಮೂಲೆಯಲ್ಲಿ ಮಿನುಗಿತು. ಅತ್ತೆ ಅದನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ತೂತಿನೊಳಗಿಂದ ಸೊಸೆಯನ್ನು ನೋಡಿದರು. "ಕಾಣಿಸ್ತಿದೀಯ," ಎಂದರು. ಇಬ್ಬರೂ ಮೊಣಕೈವರೆಗೆ ಕೆಸರು ಮೆತ್ತಿಕೊಂಡು ಹುಚ್ಚು ಹಿಡಿದವರ ಹಾಗೆ ನಕ್ಕರು. ಅವತ್ತಿನಿಂದ ಆ ಜಾಲರಿಯೂ ಸ್ಕೂಟರಿನ ಪಾಲಾಯಿತು.

ಅದಾದ ಮೇಲೆ ಸೊಸೆ ಹಿತ್ತಲಿಗೆ ಹೋದಾಗಲೆಲ್ಲ ಒಂದು ಗಳಿಗೆ ನಿಲ್ಲತೊಡಗಿದಳು. ಗ್ರೀಸು ಹತ್ತಿದ ಅಂಗಿಯನ್ನು ಅವಳೇ ಒಯ್ದು ಪಾತ್ರೆ ತೊಳೆಯುವ ಸೋಪು ಸವರಿ ನೆನೆಹಾಕಿದಳು. ರಕ್ತದ ಕಲೆಗೆ ತಣ್ಣೀರು, ಎಣ್ಣೆಯ ಕಲೆಗೆ ಬಿಸಿನೀರು ಎನ್ನುವುದು ಲಾಂಡ್ರಿಯಲ್ಲಿ ಅವಳು ಹೊಸಬರಿಗೆ ಕಲಿಸುವ ಮೊದಲ ಪಾಠ. ಭಾನುವಾರ ಅತ್ತೆಯ ಜೊತೆ ಬಿಡಿಭಾಗದ ಅಂಗಡಿಗೂ ಹೋಗಿಬಂದಳು. ಅಂಗಡಿಯವನು ಗಲ್ಲಾದ ಹಿಂದಿನಿಂದ, "ಯಾರು ಕಳಿಸಿದ್ರು ಅಜ್ಜಿ? ಮೆಕ್ಯಾನಿಕ್ ಏನು ಹೇಳಿದ, ಸರಿಯಾಗಿ ಹೇಳಿ," ಎಂದ. "ಮೆಕ್ಯಾನಿಕ್ಕಿಗೆ ತಲೆ ಇಲ್ಲ, ನೀವೇ ನೋಡಿ ಹೇಳಿ," ಎಂದು ಅತ್ತೆ ಚೀಲದಿಂದ ಪಿಸ್ಟನ್ ತೆಗೆದು ಮುಂದಿಟ್ಟರು. ಹೊಸ ರಿಂಗನ್ನು ತಂದು ಕೂರಿಸುವಾಗ ಮುರಿದರು. ಇನ್ನೊಂದು ತಂದರು. ಅದನ್ನು ತಲೆಕೆಳಗಾಗಿ ಕೂರಿಸಿ, ಬಿಚ್ಚಿ, ಮತ್ತೆ ಕೂರಿಸಿದರು.

ಪೆಟ್ರೋಲು ಟ್ಯಾಂಕಿನೊಳಗೆ ತುಕ್ಕು ಹಿಡಿದಿತ್ತು. ಒಳಗೆ ಸಣ್ಣ ಜಲ್ಲಿಕಲ್ಲು, ಸೋಪಿನ ನೀರು ಹಾಕಿ ಅಲ್ಲಾಡಿಸಬೇಕು, ಕೈ ಸೋಲುವವರೆಗೆ ಅಲ್ಲಾಡಿಸಬೇಕು ಎಂದಿದ್ದ ಅಂಗಡಿಯವನು. ಅತ್ತೆಯ ಕೈ ಬೇಗ ಸೋತಿತು. ಮರಿಗೆ ಪರೀಕ್ಷೆ ಹತ್ತಿರವಿತ್ತು. ಗ್ರೀಸು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಟ್ಯಾಂಕಿಗೆ ಗ್ರೀಸಿಲ್ಲ ಎಂದು ಅಜ್ಜಿ ಅದನ್ನು ಟವೆಲಿನಲ್ಲಿ ಸುತ್ತಿ ಅವಳ ತೊಡೆಯ ಮೇಲಿಟ್ಟರು. ಅವಳು ಪುಸ್ತಕ ಎದುರಿಗಿಟ್ಟುಕೊಂಡು, ಪಾಠ ಬಾಯಿಪಾಠ ಮಾಡುತ್ತಾ, ಟ್ಯಾಂಕನ್ನು ಆ ಕಡೆ ಈ ಕಡೆ ತೂಗಿದಳು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬೇಲಿಯಾಚೆಯಿಂದ ಕತ್ತು ಚಾಚಿ ನೋಡಿ, "ಯಾರದಮ್ಮ ಕೂಸು? ಗಡಗಡ ಅಂತಿದೆ, ಶೀತವಾ?" ಎಂದರು.

ಹೀಗೆ ಎಲ್ಲ ಒಂದು ಹದಕ್ಕೆ ಬರುತ್ತಿದೆ ಎನ್ನುವಾಗ ಮಗ ಒಂದು ಎಡವಟ್ಟು ಮಾಡಿಕೊಂಡ. ಅವನ ಅಂಗಡಿಗೆ ಕನ್ನಡಕ ಮಾಡಿಸಲು ಬಂದ ಹೋಟೆಲಿನವನೊಬ್ಬ ಹೊಸ ಹೋಟೆಲಿನ ಅಲಂಕಾರಕ್ಕೆ ಹಳೆಯ ಸಾಮಾನು ಹುಡುಕುತ್ತಿದ್ದ. ಮಗ ಮಾತಿನ ಭರದಲ್ಲಿ ಸ್ಕೂಟರಿನ ಸುದ್ದಿ ಎತ್ತಿದ. ಭಾನುವಾರ ಮಧ್ಯಾಹ್ನ ಆ ಮನುಷ್ಯ ನೇರವಾಗಿ ಮನೆಗೇ ಬಂದುಬಿಟ್ಟ. ಅತ್ತೆ ಯಾರೋ ಮಗನ ಸ್ನೇಹಿತರೆಂದು ಕೈ ತೊಳೆದುಕೊಂಡು ಚಹಾ ತಂದುಕೊಟ್ಟರು. ಅವನು ಹಿತ್ತಲಿಗೆ ಹೋಗಿ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದ.

"ಇಂಜಿನ್ನು ನನಗೆ ಬೇಡ. ಮುಂದಿನ ಅರ್ಧ ಸಾಕು. ಕತ್ತರಿಸಿ ಗೋಡೆಗೆ ಕೂರಿಸ್ತೀನಿ, ದೀಪದ ಜಾಗದಲ್ಲಿ ಬಲ್ಬು ಹಾಕ್ತೀನಿ, ಚೆನ್ನಾಗಿ ಕಾಣುತ್ತೆ," ಎಂದ.

ಅತ್ತೆ ಮಗನ ಮುಖ ನೋಡಿದರು. ಮಗ ನೆಲ ನೋಡಿದ.

"ಚಹಾ ಆರುತ್ತೆ. ಕುಡಿದು ಹೊರಡಿ," ಎಂದರು ಅತ್ತೆ ಬಂದವನಿಗೆ.

ಅವನು ಹೋದ ಮೇಲೆ ಮಗನೇ ಬಾಯಿ ತೆಗೆದ. "ಕೇಳದೆ ಹೇಳಿದ್ದು ನನ್ನ ತಪ್ಪೇ ಅಮ್ಮ. ಆದ್ರೆ ನೀನೂ ನೋಡು, ಇದು ಮನೆಯ ಹಾಗಿದೆಯಾ? ಹಿತ್ತಲು ಗ್ಯಾರೇಜಾಗಿದೆ. ಅನ್ನದಲ್ಲೂ ಸೀಮೆಎಣ್ಣೆ ವಾಸನೆ. ಇವಳು ಕೆಲಸದಿಂದ ಬಂದು ಒಲೆ ಮುಂದೆ ನಿಲ್ತಾಳೆ."

"ನನ್ನ ಹೆಸರು ಎತ್ತಬೇಡಿ," ಎಂದಳು ಸೊಸೆ.

"ಎತ್ತದೆ ಏನು? ಮೊನ್ನೆ ನೀನೇ ಕೂಗಾಡ್ಲಿಲ್ವಾ? ಅಮ್ಮ, ದೊಡ್ಡಮ್ಮ ಹೋಗಿ ಆಯ್ತು. ಆ ತಗಡನ್ನ ಕೂಡಿಸಿದ್ರೆ ಅವಳು ಎದ್ದು ಬರ್ತಾಳಾ?"

 ಅತ್ತೆ ಮತ್ತೆ ಕೈಗೆತ್ತಿಕೊಂಡಿದ್ದ ಸ್ಪ್ಯಾನರನ್ನು ಒರೆಸಿ ಹೊದಿಕೆಯ ಮೇಲೆ ಅದರ ಜಾಗದಲ್ಲಿ ಇಟ್ಟರು.

"ಅಕ್ಕ ಹೋದ ದಿನ ನಾನು ಅಳ್ಲಿಲ್ಲ, ಗೊತ್ತಾ ನಿಂಗೆ? ಪುರುಸೊತ್ತಿರ್ಲಿಲ್ಲ. ಬಂದೋರಿಗೆಲ್ಲ ಚಹಾ ಮಾಡ್ತಿದ್ದೆ. ಸಕ್ಕರೆ ಹಾಕಿದ್ದು ಒಂದು ಕಡೆ, ಹಾಕದ್ದು ಒಂದು ಕಡೆ. ನೀನೂ ಬಂದು, ಅಮ್ಮ ಇನ್ನೂ ನಾಲ್ಕು ಜನ ಬಂದ್ರು ಅಂದೆ." ಅವರು ಎದ್ದರು. "ಇರ್ಲಿ ಬಿಡು. ಸಂಜೆ ಊಟಕ್ಕೆ ಏನು ಮಾಡ್ಲಿ ಹೇಳು."

ಸ್ಕೂಟರಿನ ಮೇಲೂ ಬಿಡಿಭಾಗಗಳ ಮೇಲೂ ಇನ್ನೊಂದು ಹಳೆಯ ಹೊದಿಕೆ ಬಿತ್ತು. ಅಂಗಿ ಮೊಳೆಗೆ ಏರಿತು. ಅತ್ತೆ ಅಡುಗೆಮನೆಗೆ ಮರಳಿದರು.

ಆ ವಾರದ ಊಟದಂಥ ಊಟ ಆ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ಅನ್ನ, ಎರಡು ಬಗೆಯ ತರಕಾರಿ, ಮಗನಿಗೆ ಬೇಕಾದದ್ದು ಒಂದು, ಮರಿಗೆ ಬೇಕಾದದ್ದು ಒಂದು. ಸೊಸೆ ಚಪ್ಪಲಿ ಬಿಡುವಷ್ಟರಲ್ಲಿ ಚಹಾ ಮುಂದೆ ಬರುತ್ತಿತ್ತು. ನೆಲ ಕನ್ನಡಿಯ ಹಾಗಿತ್ತು. ಅತ್ತೆ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಉಪ್ಪು ಸರಿ ಇತ್ತು, ಖಾರ ಸರಿ ಇತ್ತು, ತಟ್ಟೆಯಲ್ಲಿ ಮಾತ್ರ ಅರ್ಧ ಅನ್ನ ಉಳಿಯುತ್ತಿತ್ತು.

"ಅಜ್ಜಿ, ನಾಳೆ ಬ್ರೆಡ್ಡು ಮೊಟ್ಟೆ ಮಾಡು," ಎಂದಳು ಮರಿ ಒಂದು ದಿನ, ಅಳುಮೋರೆ ಹಾಕಿಕೊಂಡು.

ಸೊಸೆ ಗಂಡನನ್ನು ಮಂಚದ ಹಾಸಿಗೆ ಬಟ್ಟೆ ಮಡಿಸಲು ಕರೆದಳು. ಅವಳು ಎರಡು ತುದಿ, ಅವನು ಎರಡು ತುದಿ ಹಿಡಿದರು.

"ನಿಮ್ಮಮ್ಮ ಅಡುಗೆ ಮಾಡ್ತಿಲ್ಲ. ಸೇಡು ತೀರಿಸ್ಕೊಳ್ತಿದ್ದಾರೆ," ಎಂದಳು.

"ನಾನೇನು ಮಾಡ್ಲಿ? ಕಾಲಿಗೆ ಬೀಳ್ಲಾ?"

"ಕಾಲಿಗೆ ಬಿದ್ರೆ ಸ್ಕೂಟರು ಸ್ಟಾರ್ಟ್ ಆಗಲ್ಲ. ಎಳೆದು ಹಿಡೀರಿ, ಸುಕ್ಕಾಯ್ತು. ಕಿಡಿ ಬರ್ತಿಲ್ಲ ಅಂತಿದ್ರು ಅವತ್ತು. ಪಾಯಿಂಟು ಅಂತ ಇರುತ್ತಂತೆ, ಎರಡು ಸಣ್ಣ ಗುಂಡಿ, ಒಂದಕ್ಕೊಂದು ತಾಗಬೇಕಂತೆ. ಅವುಗಳ ಮುಖ ಒರಟಾಗಿದೆ. ಎಷ್ಟು ಉಜ್ಜಿದ್ರೂ ಸಮ ಆಗ್ಲಿಲ್ಲ ಅವರ ಕೈಲಿ."

"ನಿಂಗೆ ಇಷ್ಟೆಲ್ಲ ಹೇಗೆ ಗೊತ್ತು?"

"ಚರಂಡಿ ಪಕ್ಕ ಕೂತ್ರೆ ಎಲ್ಲ ಗೊತ್ತಾಗುತ್ತೆ. ನಿಮ್ಮ ಅಂಗಡಿಯ ಸಾಣೆಕಲ್ಲು ಗಾಜನ್ನ ಮಾತ್ರ ಉಜ್ಜುತ್ತಾ?"

ಅವನು ತುದಿ ಎಳೆದು ಹಿಡಿದ. ಬೆಳಿಗ್ಗೆ ಬಸ್ಸಿಗೆ ಹೊರಡುವ ಮುನ್ನ ಹಿತ್ತಲಿಗೆ ಹೋಗಿ ಹೊದಿಕೆಯ ಕೆಳಗೆ ಕೈಯಾಡಿಸಿದ್ದನ್ನು ಸೊಸೆ ಕಿಟಕಿಯಿಂದ ನೋಡಿದಳು, ನೋಡದ ಹಾಗೆ ಇದ್ದಳು.

ಸಂಜೆ ಊಟಕ್ಕೆ ಕೂತಾಗ ಅವನು ಕನ್ನಡಕ ಒರೆಸುವ ಬಟ್ಟೆಯ ಪೊಟ್ಟಣವೊಂದನ್ನು ಅಮ್ಮನ ತಟ್ಟೆಯ ಪಕ್ಕ ಇಟ್ಟ. ಅತ್ತೆ ಬಿಚ್ಚಿದರು. ಎರಡು ಪಾಯಿಂಟುಗಳ ಮುಖ ಹೊಸದಾಗಿ ಮಿರುಗುತ್ತಿತ್ತು. ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಮುಂದಕ್ಕೆ ಸರಿಸಿದ. ಅತ್ತೆ ಅದರಲ್ಲಿ ಬಹಳ ಹೊತ್ತು ನೋಡಿದರು.

"ಈ ಒಂದರ ಅಂಚು ಇನ್ನೂ ಒರಟಿದೆ," ಎಂದರು.

"ಎಲ್ಲಿ? ಸಾಧ್ಯವೇ ಇಲ್ಲ."

"ಇಲ್ಲಿ ನೋಡು."

"ಅದು ಅನ್ನದ ಅಗುಳಮ್ಮ. ನಿನ್ನ ಬೆರಳಿಂದು."

ತಾಯಿ ಮಗ ಇಬ್ಬರೂ ಒಂದೇ ಗಾಜಿನ ಮೇಲೆ ತಲೆಗೆ ತಲೆ ತಾಗಿಸಿ ಬಗ್ಗಿದರು. ಊಟ ಆರಿತು. ಸೊಸೆಯೂ ಮರಿಯೂ ಮಾತ್ರ ಆ ವಾರದಲ್ಲಿ ಮೊದಲ ಬಾರಿಗೆ ಹೊಟ್ಟೆತುಂಬ ಉಂಡರು.

ಮುಂದಿನ ಭಾನುವಾರ ಬೆಳಿಗ್ಗೆ ಸ್ಕೂಟರಿಗೆ ಕಿಕ್ಕು ಹೊಡೆಯುವ ಕಾರ್ಯಕ್ರಮ. ಅತ್ತೆ ಹೊಡೆದರು. ಮಗ ಹೊಡೆದ. ಮರಿ ಜಿಗಿದು ಜಿಗಿದು ಹೊಡೆದಳು. ಅದು ಕೆಮ್ಮಿತು, ಸುಮ್ಮನಾಯಿತು. ಪ್ಲಗ್ಗು ಬಿಚ್ಚಿದರೆ ಪೆಟ್ರೋಲಿನಲ್ಲಿ ಒದ್ದೆ. ಸೊಸೆ ಅದನ್ನು ಇಕ್ಕಳದಲ್ಲಿ ಹಿಡಿದು ಒಳಗೆ ಹೋಗಿ, ಒರೆಸಿ, ಒಲೆಯ ಉರಿಯಲ್ಲಿ ಬಾಡಿಸಿ ತಂದಳು. "ತಗೊಳ್ಳಿ, ಹದವಾಗಿ ಹುರಿದಿದ್ದೀನಿ," ಎಂದಳು. ಬಿಸಿ ಪ್ಲಗ್ಗು ಕೂತಿತು. ಅತ್ತೆ ಅಂಗಿಯ ತೋಳು ಮೇಲೇರಿಸಿ ಕಾಲಿಟ್ಟು ಒಂದೇ ಒಂದು ಕಿಕ್ಕು ಹೊಡೆದರು.

ಡಮ್ಮೆಂದಿತು. ಮೊದಲು ಬೆಕ್ಕು ಓಡಿತು. ಆಮೇಲೆ ಇಂಜಿನ್ನು ಹಿಡಿದುಕೊಂಡಿತು. ಹಿತ್ತಲು ಪೂರ್ತಿ ನೀಲಿ ಹೊಗೆ ತುಂಬಿ, ತಂತಿಯ ಮೇಲಿನ ಬಟ್ಟೆಗಳು ಕಾಣದಾದವು. "ಬೆಂಕಿ! ಬೆಂಕಿ!" ಎಂದು ಪೋಸ್ಟ್‌ಮಾಸ್ಟರು ಬಕೆಟ್ಟು ಹಿಡಿದು ಬೇಲಿಯ ಹತ್ತಿರ ಓಡಿಬಂದರು. ಮರಿ ಕುಣಿದಳು. ಮಗ ಕೆಮ್ಮುತ್ತಾ ಕೆಮ್ಮುತ್ತಾ ನಕ್ಕ. ಸೊಸೆ ಒಗೆದ ಬಟ್ಟೆಯನ್ನೆಲ್ಲ ಮತ್ತೆ ಒಗೆಯಬೇಕಲ್ಲ ಎಂದುಕೊಳ್ಳುತ್ತಾ ತಿರುಗಿ ನೋಡಿದರೆ ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಗ್ರೀಸಿನ ತೋಳಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು.

ಮಗ ಗಾಬರಿಯಾಗಿ ಇಂಜಿನ್ನು ನಿಲ್ಲಿಸಲು ಹೋದ.

"ಆರಿಸ್ಬೇಡ," ಎಂದರು ಅತ್ತೆ ತೋಳಿನೊಳಗಿನಿಂದ. "ಹಾಗೇ ಓಡ್ತಿರ್ಲಿ."

ಸೊಸೆ ಪಕ್ಕದಲ್ಲಿ ಹೋಗಿ ಕೂತಳು. ಸ್ಕೂಟರು ತನ್ನ ಪಾಡಿಗೆ ಗುಡುಗುಡು ಎನ್ನುತ್ತಿತ್ತು. ಅತ್ತೆ ತಮಗೆ ಬೇಕಾದಷ್ಟು ಹೊತ್ತು ಅತ್ತರು. 

ಸ್ಕೂಟರು ಓಡಿದ ಮೇಲೆ ಅದನ್ನು ಓಡಿಸುವವರು ಯಾರು ಎಂಬ ಪ್ರಶ್ನೆ ಎದ್ದಿತು. ಎದ್ದಿದ್ದು ಉಳಿದವರ ಮನಸ್ಸಿನಲ್ಲಿ ಮಾತ್ರ. ಅತ್ತೆಗೆ ಅದರಲ್ಲಿ ಪ್ರಶ್ನೆಯೇ ಕಂಡಿರಲಿಲ್ಲ.

"ಬಿದ್ದು ಮೂಳೆ ಮುರ್ಕೊಂಡ್ರೆ ಈ ವಯಸ್ಸಲ್ಲಿ ಕೂಡಲ್ಲಮ್ಮ," ಎಂದ ಮಗ.

"ಸ್ಕೂಟರೂ ಕೂಡಲ್ಲ ಅಂದಿದ್ದೆ ನೀನು."

ಹಳೆಯ ಗೋದಾಮಿನ ಹಿಂದಿನ ಬಯಲಿನಲ್ಲಿ ಪಾಠ ಶುರುವಾಯಿತು. ಮಗ ಪಕ್ಕದಲ್ಲಿ ಏದುಸಿರು ಬಿಡುತ್ತಾ ಓಡುವುದು, ಅತ್ತೆ ಹ್ಯಾಂಡಲನ್ನು ರೊಟ್ಟಿ ಹಿಟ್ಟಿನ ಹಾಗೆ ಹಿಚುಕಿ ಹಿಡಿಯುವುದು. "ಕ್ಲಚ್ಚು ನಿಧಾನ ಬಿಡಮ್ಮ, ನಿಧಾನ!" "ನಿಧಾನ ಬಿಟ್ರೆ ನಿಲ್ಲುತ್ತೆ, ಬೇಗ ಬಿಟ್ರೆ ಹಾರುತ್ತೆ. ನಿಮ್ಮಪ್ಪನ ಸ್ವಭಾವವೇ ಇದಕ್ಕೂ ಬಂದಿದೆ." ಒಂದು ಸಲ ಪೊದೆಗೆ ನುಗ್ಗಿದರು. ಮಗನಿಲ್ಲದಾಗ ಒಂದು ಸಲ ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದು ಮೊಣಕಾಲು ತರಚಿಕೊಂಡರು. ಸೊಸೆ ಔಷಧಿ ಹಚ್ಚುವಾಗ ಉರಿಗೆ ಹಲ್ಲು ಕಚ್ಚಿಕೊಂಡು, "ಅವನಿಗೆ ಹೇಳ್ಬೇಡ. ಇನ್ನೊಂದು ವಾರ ರಾಗ ಎ‍ಳೀತಾನೆ," ಎಂದರು.

ಪರವಾನಗಿ ಕೊಡುವ ಕಚೇರಿಯ ಅಧಿಕಾರಿ, "ಯಾರ ಜೊತೆ ಬಂದಿದ್ದೀರಿ ತಾಯಿ?" ಎಂದು ಕೇಳಿದ. ಮೊದಲ ಸಲ ತಿರುವಿನಲ್ಲಿ ಕಾಲು ನೆಲಕ್ಕೆ ಊರಿದರೆಂದು ನಪಾಸು ಮಾಡಿದ. ಮರಿ ತನ್ನ ಪರೀಕ್ಷೆಯಲ್ಲಿ ಪಾಸಾದ ವಾರವೇ ಅಜ್ಜಿ ನಪಾಸಾದದ್ದು ಮನೆಯಲ್ಲಿ ಕೆಲಕಾಲ ತಮಾಷೆಯ ಮಾತಾಯಿತು. "ಓದ್ಬೇಕು ಅಜ್ಜಿ, ಟೀವಿ ನೋಡ್ತಾ ಕೂತ್ರೆ ಹೀಗೇ," ಎಂದಳು ಮರಿ. ಅತ್ತೆ ಮತ್ತೆ ಗೋದಾಮಿನ ಬಯಲಿಗೆ ಹೋದರು. ಎರಡನೆಯ ಸಲ ಕಾಲು ಊರಲಿಲ್ಲ.

ಕೆಲವು ದಿನಗಳ ನಂತರ ಸೊಸೆ ಪಾಳಿ ಮುಗಿಸಿ ಲಾಂಡ್ರಿಯ ಗೇಟಿನಿಂದ ಹೊರಬರುತ್ತಿದ್ದಳು. ಇಡೀ ದಿನ ಇಸ್ತ್ರಿ ರೋಲರಿನ ಮುಂದೆ ನಿಂತು ಕಾಲು ಸೇದುತ್ತಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗೇಟಿನ ಹೊರಗೆ ಜೊತೆಯ ಹೆಂಗಸರೆಲ್ಲ ಗುಂಪು ಕಟ್ಟಿ ಏನನ್ನೋ ನೋಡುತ್ತಿದ್ದರು. ಸರಿಸಿಕೊಂಡು ನೋಡಿದರೆ ತುಕ್ಕು ಕೆರೆದು ಹೊಸ ಬಣ್ಣ ಹೊಡೆದ ತಿಳಿಹಸಿರು ಸ್ಕೂಟರು. ಅದರ ಮೇಲೆ ತಲೆಗಿಂತ ದೊಡ್ಡ ಹೆಲ್ಮೆಟ್ಟು ಹಾಕಿಕೊಂಡು ಅತ್ತೆ ಕೂತಿದ್ದರು. ಕೈಯಲ್ಲಿ ಇನ್ನೊಂದು ಹೆಲ್ಮೆಟ್ಟಿತ್ತು.

"ಯಾರೇ ಇದು?" ಎಂದು ಒಬ್ಬಳು ಪಿಸುಗುಟ್ಟಿದಳು.

"ನಮ್ಮತ್ತೆ."

"ನಿಜವಾದ ಅತ್ತೆನಾ?"

"ಹತ್ತು," ಎಂದರು ಅತ್ತೆ. "ಎಲ್ಲರೂ ನೋಡ್ತಿದ್ದಾರೆ, ಇಂಜಿನ್ನು ನಿಂತ್ರೆ ಮರ್ಯಾದೆ ಹೋಗುತ್ತೆ."

ಸೊಸೆ ಹತ್ತಿ ಕೂತಳು. ಸ್ಕೂಟರು ಒಮ್ಮೆ ಎಗರಿತು. ಅವಳು ಹೆದರಿ ಮುಂದಿದ್ದವರ ಸೊಂಟವನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಆ ಮನೆಗೆ ಬಂದು ಇಷ್ಟು ವರ್ಷವಾದರೂ ಅತ್ತೆಯನ್ನು ಹಾಗೆ ಹಿಡಿದುಕೊಂಡದ್ದು ಅದೇ ಮೊದಲು. ಅವಳು ಅಂದುಕೊಂಡದ್ದಕ್ಕಿಂತ ಅತ್ತೆ ಸಣ್ಣಗಿದ್ದರು. ಅಂಗಿಯಿಂದ ಸೋಪಿನ ಮತ್ತು ಪೆಟ್ರೋಲಿನ ವಾಸನೆ ಬರುತ್ತಿತ್ತು. ರಸ್ತೆಬದಿಯ ಅಂಗಡಿಗಳು, ಬಸ್ಸು ನಿಲ್ದಾಣದಲ್ಲಿ ನಿಂತ ಜನ, ಎಲ್ಲ ಹಿಂದಕ್ಕೆ ಸರಿದವು. ನಾಲ್ಕು ರಸ್ತೆ ಕೂಡುವಲ್ಲಿ ಮನೆಯ ದಾರಿ ಎಡಕ್ಕಿತ್ತು. ಅತ್ತೆ ಬಲಗೈ ಚಾಚಿ ಬಲಕ್ಕೆ ತಿರುಗಿದರು.

"ಅತ್ತೆ, ಮನೆ ಆ ಕಡೆ!"

"ಗೊತ್ತು."

"ಮತ್ತೆ ಅಡುಗೆ?"

"ಅವನು ಮಾಡ್ತಿದ್ದಾನೆ. ಈಗ್ಲೇ ಹೋದ್ರೆ ನಮ್ಮಿಬ್ಬರನ್ನೂ ಈರುಳ್ಳಿ ಹೆಚ್ಚೋಕೆ ಕೂರಿಸ್ತಾನೆ."

 ಸೊಸೆ ಹಿಡಿತವನ್ನು ಇನ್ನಷ್ಟು ಬಿಗಿ ಮಾಡಿಕೊಂಡು, "ಹಾಗಾದ್ರೆ ನಿಧಾನಕ್ಕೆ ಹೋಗಿ," ಎಂದಳು.